ಗಾಳಿಕಂಬಕ್ಕೆ ಹಡಗು ಗುದ್ದಿದರೆ ಯಾರು ಬಗ್ಗಬೇಕು?

ಭಾಗ 1/10
ಲಂಗರು ಜಾರಿದ ದಿನ

2022ರ ಜನವರಿ 31. ನೆದರ್ಲೆಂಡ್ಸ್ ದೇಶದ ಐಮೌಡನ್ ಬಂದರಿನ ಹೊರಗೆ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಕೋರಿ ಅನ್ನೋ ಹೆಸರಿನ ಬಿರುಗಾಳಿ ಉತ್ತರ ಸಮುದ್ರವನ್ನು ಕಡೆಯುತ್ತಿತ್ತು. ಆ ಹಡಗುಗಳಲ್ಲಿ ಒಂದು ಜುಲಿಯೆಟಾ ಡಿ. ಸರಕು ಸಾಗಿಸುವ ಹಡಗು, ಉದ್ದ 190 ಮೀಟರ್. ಒಂದರ ಹಿಂದೆ ಒಂದು ಎರಡು ಫುಟ್‌ಬಾಲ್ ಮೈದಾನ ಇಟ್ಟರೆ ಹೆಚ್ಚುಕಮ್ಮಿ ಅಷ್ಟು.

ಗಾಳಿಯ ಹೊಡೆತಕ್ಕೆ ಅದರ ಲಂಗರು ಜಾರಿತು. ಹಡಗು ಹಿಂದೆ ಹಿಂದೆ ಸರಿದು ಪೆಚೋರಾ ಸ್ಟಾರ್ ಅನ್ನೋ ಇನ್ನೊಂದು ಹಡಗಿಗೆ ಗುದ್ದಿತು. ಮೈಯಲ್ಲಿ ತೂತು ಬಿದ್ದು ಎಂಜಿನ್ ಕೋಣೆಗೆ ನೀರು ನುಗ್ಗಿತು. ಒಳಗಿದ್ದ 18 ಮಂದಿಯನ್ನು ಹೆಲಿಕಾಪ್ಟರ್‌ನಲ್ಲಿ ಮೇಲೆತ್ತಿಕೊಂಡರು. ಆಮೇಲೆ ಉಳಿದದ್ದು ಎಂಜಿನ್ ಇಲ್ಲದ, ಒಬ್ಬ ಮನುಷ್ಯನೂ ಇಲ್ಲದ, ಗಾಳಿ ತಳ್ಳಿದ ಕಡೆ ಹೋಗುವ ಉಕ್ಕಿನ ಬೆಟ್ಟ.

ಅದರ ದಾರಿಯಲ್ಲೇ ಒಂದು ಗಾಳಿ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದರು. ಹೆಸರು ಹಾಲಂಡ್ಸೆ ಕಸ್ಟ್ ಜೌದ್. ನೀರಿನಲ್ಲಿ ಕಂಬದ ಬುಡಗಳನ್ನು ಆಗಲೇ ನೆಟ್ಟಿದ್ದರು, ಮೇಲೆ ಟರ್ಬೈನ್ ಇನ್ನೂ ಬಂದಿರಲಿಲ್ಲ. ಖಾಲಿ ಹಡಗು ಆ ಸ್ಥಾವರದೊಳಗೆ ತೇಲಿಕೊಂಡು ಬಂದು ಒಂದು ಬುಡಕ್ಕೆ ಗುದ್ದಿತು. ಮುಂದೆ ಹೋಗಿ ವಿದ್ಯುತ್ ಉಪಕೇಂದ್ರಕ್ಕಾಗಿ ನಿಲ್ಲಿಸಿದ್ದ ಕಾಲುಗಳ ಚೌಕಟ್ಟಿಗೂ ತಾಗಿತು. ಕೊನೆಗೆ ಟಗ್ ಬೋಟುಗಳು ಹಗ್ಗ ಕಟ್ಟಿ ರಾಟರ್‌ಡ್ಯಾಮ್‌ಗೆ ಎಳೆದು ತಂದವು. ಯಾರೂ ಸಾಯಲಿಲ್ಲ.

ಸಾಯಲಿಲ್ಲ ಅಂದಮೇಲೆ ಇದರಲ್ಲಿ ಏನು ಕಥೆ ಅಂತೀರಾ? ಕಥೆ ಇಲ್ಲಿದೆ. ಹೀಗೊಂದು ದಿನ ಬರುತ್ತದೆ ಅಂತ ಎಂಜಿನಿಯರುಗಳು ದಶಕಗಳಿಂದ ಲೆಕ್ಕ ಹಾಕುತ್ತಲೇ ಇದ್ದರು. ಆ ಲೆಕ್ಕ ಎಲ್ಲಿಂದ ಬಂತು, ಯಾವ ಅಪಘಾತ ಏನು ಕಲಿಸಿತು, ಇದು ನಮಗೆ ಯಾಕೆ ಬೇಕು ಅನ್ನೋದೇ ಈ ಸರಣಿ.

ಚಿತ್ರ: ನನ್ನ ನೋಟ್‌ಬುಕ್ಕಿನ ಗೀಚು. ಬಾಣದ ಗುರುತು ಹಡಗು ತೇಲಿದ ದಿಕ್ಕಲ್ಲ, ಘಟನೆಗಳ ಅನುಕ್ರಮ ಅಷ್ಟೇ.


ಭಾಗ 2/10
ಗಾಳಿಕಂಬ ನೀರಿಗೆ ಇಳಿದದ್ದು

ಗಾಳಿಕಂಬ ಅಂದ್ರೆ ನಿಮಗೆ ಚಿತ್ರದುರ್ಗದ ಗುಡ್ಡ ನೆನಪಾಗಬಹುದು, ಇಲ್ಲಾ ಗದಗದ ಕಪ್ಪತಗುಡ್ಡದ ಕಡೆ ಬಸ್ಸಿನ ಕಿಟಕಿಯಿಂದ ಕಂಡ ಸಾಲು. ಅಲ್ಲಿ ಕಂಬಕ್ಕೆ ಗುದ್ದಲು ಏನೂ ಬರಲ್ಲ. ಹೆಚ್ಚೆಂದರೆ ಕುರಿ ಬಂದು ನೆರಳಲ್ಲಿ ಮಲಗುತ್ತೆ.

ಮೊದಲ ಬಾರಿ ಕಡಲಲ್ಲಿ ಗಾಳಿ ಸ್ಥಾವರ ಕಟ್ಟಿದ್ದು ಡೆನ್ಮಾರ್ಕ್, 1991ರಲ್ಲಿ. ಊರು ವಿಂಡೆಬಿ. ಒಟ್ಟು 11 ಟರ್ಬೈನ್, ಒಂದೊಂದೂ 450 ಕಿಲೋವಾಟ್. ದಡಕ್ಕೆ ಹತ್ತಿರ, ನೀರು ಆಳ ಇಲ್ಲದ ಜಾಗ. ದೊಡ್ಡ ಹಡಗು ಅಲ್ಲಿಗೆ ಬಂದರೆ ಕಂಬಕ್ಕೆ ತಾಗುವ ಮೊದಲೇ ಅದರ ತಳ ಮಣ್ಣಿಗೆ ತಾಗಿ ನಿಂತುಬಿಡುತ್ತಿತ್ತು. ಕಡಲೇ ಕಾವಲುಗಾರ! ಹಾಗಾಗಿ ಹಡಗು ಗುದ್ದುವ ಚಿಂತೆ ಆಗ ದೊಡ್ಡದಾಗಿರಲಿಲ್ಲ. ಆ ಸ್ಥಾವರ ತನ್ನ ಆಯಸ್ಸು ಮುಗಿಸಿ 2017ರಲ್ಲಿ ಕಳಚಲ್ಪಟ್ಟಿತು.

2002ರಲ್ಲಿ ಅದೇ ಡೆನ್ಮಾರ್ಕ್ ಹಾರ್ನ್ಸ್ ರೆವ್ ಕಟ್ಟಿತು. ಈ ಸಲ 80 ಟರ್ಬೈನ್, ಒಂದೊಂದೂ 2 ಮೆಗಾವಾಟ್, ಅದೂ ತೆರೆದ ಉತ್ತರ ಸಮುದ್ರದಲ್ಲಿ. ಆಮೇಲೆ ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ಎಲ್ಲರೂ ಇಳಿದರು. ದೂರ ಹೋದಷ್ಟೂ ಗಾಳಿ ಜೋರು, ಕರೆಂಟ್ ಹೆಚ್ಚು. ಆದರೆ ದೂರ ಹೋದಷ್ಟೂ ನೀರು ಆಳ. ಆಳ ನೀರು ಅಂದ್ರೆ ಹಡಗಿನ ದಾರಿ.

ನಮ್ಮ ಹೆದ್ದಾರಿ ಪಕ್ಕದ ಖಾಲಿ ಗದ್ದೆಯಲ್ಲಿ ಒಂದು ಮನೆ ಬಂದರೆ ಯಾರೂ ಕೇಳಲ್ಲ. ಎರಡೂ ಬದಿ ಸಾಲು ಮನೆ ಬಂದು, ಲಾರಿ ಬ್ರೇಕ್ ಫೇಲ್ ಆದರೆ ಇಳಿಸೋಕೆ ಜಾಗವೇ ಇಲ್ಲ ಅಂತಾದಾಗ ಎಲ್ಲರೂ ಕೇಳ್ತಾರೆ. ಉತ್ತರ ಸಮುದ್ರದಲ್ಲಿ ಆದದ್ದು ಅದೇ. ರಾಟರ್‌ಡ್ಯಾಮ್, ಆಂಟ್‌ವರ್ಪ್, ಹ್ಯಾಂಬರ್ಗ್‌ನಂಥ ಬಂದರುಗಳಿಗೆ ಹೋಗೋ ಹಡಗುಗಳ ದಾರಿಯ ಅಕ್ಕಪಕ್ಕದಲ್ಲೇ ನೂರಾರು ಕಂಬಗಳು ಎದ್ದವು.

ಈಗ ಪ್ರಶ್ನೆ: ಹಡಗು ಗುದ್ದಿದರೆ ಏನಾಗುತ್ತೆ ಅಂತ ಲೆಕ್ಕ ಹಾಕೋ ವಿದ್ಯೆ ಎಲ್ಲಿಂದ ಬಂತು? ಗಾಳಿಕಂಬದಿಂದ ಅಲ್ಲ. ಅಣುಶಕ್ತಿಯಿಂದ.


ಭಾಗ 3/10
ಅಣು ಹಡಗಿನ ಭಯ, 1959

1950ರ ದಶಕದಲ್ಲಿ ಅಮೆರಿಕ ಒಂದು ಸಾಹಸಕ್ಕೆ ಕೈಹಾಕಿತು. ಅಣು ರಿಯಾಕ್ಟರ್‌ನಿಂದ ಓಡುವ, ಯುದ್ಧಕ್ಕಲ್ಲದ, ಜನ ಮತ್ತು ಸರಕು ಸಾಗಿಸುವ ಹಡಗು. ಹೆಸರು ಸವಾನ್ನಾ. 1959ರಲ್ಲಿ ನೀರಿಗಿಳಿಯಿತು.

ಎಲ್ಲರಿಗೂ ಬಂದ ಮೊದಲ ಯೋಚನೆ ನಿಮಗೂ ಬಂದಿರುತ್ತೆ. ಇನ್ನೊಂದು ಹಡಗು ಬಂದು ಪಕ್ಕಕ್ಕೆ ಗುದ್ದಿದರೆ? ಅದರ ಮೂತಿ ರಿಯಾಕ್ಟರ್‌ವರೆಗೂ ತೂರಿಕೊಂಡು ಹೋದರೆ?

ಇದಕ್ಕೆ ಉತ್ತರ ಹುಡುಕಿದವನು ವಿ. ಯು. ಮಿನೋರ್ಸ್ಕಿ. ಅವನ ಹತ್ತಿರ ಇವತ್ತಿನ ಕಂಪ್ಯೂಟರ್ ಇರಲಿಲ್ಲ. ನಿಜವಾಗಿ ನಡೆದ 26 ಡಿಕ್ಕಿಗಳ ದಾಖಲೆ ಇಟ್ಟುಕೊಂಡು ಕೂತ. ಎರಡು ವಿಷಯ ಅಳೆದ. ಒಂದು, ಡಿಕ್ಕಿಯಲ್ಲಿ ಎಷ್ಟು ಚಲನಶಕ್ತಿ ಖರ್ಚಾಯ್ತು. ಎರಡು, ಎಷ್ಟು ಉಕ್ಕು ನುಜ್ಜುಗುಜ್ಜಾಯ್ತು. ಎರಡನ್ನೂ ಗ್ರಾಫ್‌ನಲ್ಲಿ ಗುರುತು ಹಾಕಿದಾಗ, ದೊಡ್ಡ ಡಿಕ್ಕಿಗಳಲ್ಲಿ ಚುಕ್ಕೆಗಳು ಹೆಚ್ಚುಕಮ್ಮಿ ಒಂದು ನೇರ ಗೆರೆಯ ಮೇಲೆ ಕೂತವು.

ಅಂದ್ರೆ ಏನು? ಹೆಚ್ಚು ಉಕ್ಕು ನಜ್ಜಾದರೆ ಹೆಚ್ಚು ಶಕ್ತಿ ಅಲ್ಲೇ ಖರ್ಚಾಯ್ತು ಅಂತ. ಹಾಗಾದರೆ ರಿಯಾಕ್ಟರ್ ಮುಂದೆ ಎಷ್ಟು ಉಕ್ಕು ಇಟ್ಟರೆ ಯಾವ ಹಡಗು ಯಾವ ವೇಗದಲ್ಲಿ ಬಂದರೂ ಒಳಗೆ ತಲುಪಲ್ಲ ಅಂತ ಮೊದಲೇ ಹೇಳಬಹುದು. ಉಕ್ಕು ಮುರಿಯುವುದು ಬರೀ ಹಾನಿಯಲ್ಲ, ಅದೊಂದು ಬ್ರೇಕ್ ಕೂಡ. ಕಾರಿನ ಮುಂಭಾಗ ಅಪ್ಪಚ್ಚಿಯಾದರೂ ಒಳಗಿದ್ದವರು ಉಳಿಯುತ್ತಾರಲ್ಲ, ಅದೇ ತತ್ವ.

1959ರಲ್ಲಿ ಪ್ರಕಟವಾದ ಈ ಲೆಕ್ಕ ಹಡಗು ಡಿಕ್ಕಿಯ ವಿಜ್ಞಾನಕ್ಕೆ ಬುನಾದಿ. ಇವತ್ತಿಗೂ ಈ ವಿಷಯದಲ್ಲಿ ಯಾರು ಏನು ಬರೆದರೂ ಮಿನೋರ್ಸ್ಕಿಯ ಹೆಸರು ಬರುತ್ತೆ. ಕಂಬದ ಕಥೆಗೆ ಇಲ್ಲಿಂದ ಒಂದು ಮಾತು ಜೇಬಿಗೆ ಹಾಕ್ಕೊಳ್ಳಿ: ಶಕ್ತಿ ಮಾಯವಾಗಲ್ಲ, ಯಾರಾದರೂ ಅದನ್ನು ನುಂಗಬೇಕು.

ಯಾರು ನುಂಗಬೇಕು ಅನ್ನೋದೇ ಮುಂದಿನ ಅರವತ್ತು ವರ್ಷದ ಜಗಳ.


ಭಾಗ 4/10
ಸೇತುವೆಗಳು ಬಿದ್ದಾಗ

ಗುದ್ದಿದರೆ ಏನಾಗುತ್ತೆ ಅನ್ನೋದು ಒಂದು ಪ್ರಶ್ನೆ. ಗುದ್ದೋ ಸಾಧ್ಯತೆ ಎಷ್ಟು ಅನ್ನೋದು ಬೇರೆ ಪ್ರಶ್ನೆ. ಎರಡನೆಯದನ್ನು ಜಗತ್ತು ಕಲಿತದ್ದು ಜೀವ ಕಳೆದುಕೊಂಡು.

1975ರ ಜನವರಿ 5, ಆಸ್ಟ್ರೇಲಿಯಾದ ಹೋಬಾರ್ಟ್. ಲೇಕ್ ಇಲ್ಲವಾರ ಅನ್ನೋ ಅದಿರು ಹಡಗು ಟ್ಯಾಸ್ಮನ್ ಸೇತುವೆಯ ಕಂಬಗಳಿಗೆ ಗುದ್ದಿತು. ಸೇತುವೆಯ ಒಂದು ತುಂಡು ಹಡಗಿನ ಮೇಲೇ ಬಿತ್ತು. 12 ಮಂದಿ ಸತ್ತರು. ಅವರಲ್ಲಿ 7 ಮಂದಿ ಹಡಗಿನವರು, 5 ಮಂದಿ ಮೇಲೆ ಕಾರಿನಲ್ಲಿದ್ದವರು. ಈ ಏಳು ಅನ್ನೋ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತೆ.

1980ರ ಮೇ 9, ಅಮೆರಿಕದ ಫ್ಲಾರಿಡಾ. ಮಳೆಗಾಳಿಯಲ್ಲಿ ದಾರಿ ಕಾಣದೆ ಸಮ್ಮಿಟ್ ವೆಂಚರ್ ಹಡಗು ಸನ್‌ಶೈನ್ ಸ್ಕೈವೇ ಸೇತುವೆಗೆ ಗುದ್ದಿತು. ಬಸ್ಸು, ಕಾರು ನೀರಿಗೆ ಬಿದ್ದು 35 ಮಂದಿ ಸತ್ತರು. 1991ರಲ್ಲಿ ಅಮೆರಿಕ ಸೇತುವೆಗಳಿಗೆ ಹಡಗು ಡಿಕ್ಕಿಯ ವಿನ್ಯಾಸ ಮಾರ್ಗಸೂಚಿ ತಂದಿತು. ಹಳೇ ಸೇತುವೆಗಳು ಹಾಗೇ ಉಳಿದವು. 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ಕರೆಂಟ್ ಕಳೆದುಕೊಂಡ ಡಾಲಿ ಹಡಗು ಸೇತುವೆಯ ಕಂಬಕ್ಕೆ ಗುದ್ದಿದ ವಿಡಿಯೋ ನೀವೆಲ್ಲ ನೋಡಿದ್ದೀರಿ. ಸೇತುವೆ ಮೇಲೆ ಕೆಲಸ ಮಾಡ್ತಿದ್ದ 6 ಮಂದಿ ಸತ್ತರು. ಆ ಹಡಗಿನ ಸಿಬ್ಬಂದಿಯಲ್ಲಿ ಬಹುತೇಕ ಎಲ್ಲರೂ ಭಾರತೀಯರು.

ಸಾಧ್ಯತೆಯ ಲೆಕ್ಕವನ್ನು 1970ರ ದಶಕದಲ್ಲಿ ಜಪಾನಿನ ಫುಜಿ ಮತ್ತು ಬ್ರಿಟನ್ನಿನ ಮ್ಯಾಕ್‌ಡಫ್ ಬೇರೆ ಬೇರೆಯಾಗಿ ಕಟ್ಟಿದರು. ಉಪಾಯ ಸರಳ. ಮೊದಲು, ಚುಕ್ಕಾಣಿ ಹಿಡಿದವರೆಲ್ಲ ಕಣ್ಣುಮುಚ್ಚಿ ಕೂತರೆ ಎಷ್ಟು ಹಡಗು ಗುದ್ದುತ್ತೆ ಅಂತ ದಾರಿಯ ನಕ್ಷೆ ನೋಡಿ ಎಣಿಸು. ಆಮೇಲೆ, ನಿಜದಲ್ಲಿ ಎಷ್ಟು ಸಲ ಮನುಷ್ಯ ಇಲ್ಲಾ ಯಂತ್ರ ಕೈಕೊಡುತ್ತೆ ಅಂತ ಒಂದು ಸಂಖ್ಯೆಯಿಂದ ಗುಣಿಸು. ಆ ಎರಡನೇ ಸಂಖ್ಯೆ ತುಂಬಾ ಚಿಕ್ಕದು. ಸುಮಾರು ಹತ್ತು ಸಾವಿರಕ್ಕೆ ಒಂದೋ ಎರಡೋ.

ಚಿಕ್ಕದು ಅಂತ ಸುಮ್ಮನಿರಬೇಡಿ. ದಿನಕ್ಕೆ ನೂರಾರು ಹಡಗು ಹೋಗೋ ದಾರಿಯಲ್ಲಿ, 25 ವರ್ಷ ನಿಲ್ಲುವ ನೂರು ಕಂಬಗಳಿಗೆ ಇದನ್ನು ಗುಣಿಸಿ ನೋಡಿ. ಎಂದೂ ಆಗಲ್ಲ ಅನ್ನೋದು ಎಂದಾದರೂ ಆಗುತ್ತೆ ಅಂತ ಬದಲಾಗುತ್ತೆ.


ಭಾಗ 5/10
ಪಿಯುಸಿ ಸೂತ್ರ ಸಾಕು

ಇವತ್ತು ಲೆಕ್ಕ. ಓಡಿ ಹೋಗಬೇಡಿ, ಇದು ನಿಮಗೆ ಬರೋ ಲೆಕ್ಕವೇ.

ಚಲನಶಕ್ತಿ ಅಂದ್ರೆ ಅರ್ಧ × ದ್ರವ್ಯರಾಶಿ × ವೇಗದ ವರ್ಗ. ಹಡಗಿಗೆ ಒಂದು ಸಣ್ಣ ಸೇರ್ಪಡೆ ಇದೆ. ಹಡಗು ಚಲಿಸುವಾಗ ಸುತ್ತಲಿನ ನೀರನ್ನೂ ಜೊತೆಗೆ ಎಳ್ಕೊಂಡು ಬರುತ್ತೆ. ಮೂತಿ ಮುಂದೆ ಮಾಡಿ ಬಂದರೆ ಸುಮಾರು 10 ಶೇಕಡಾ, ಪಕ್ಕಕ್ಕೆ ತೇಲಿ ಬಂದರೆ ಸುಮಾರು 40 ಶೇಕಡಾ ಭಾರ ಹೆಚ್ಚಾದ ಹಾಗೆ ಲೆಕ್ಕ.

1980ರ ದಶಕದಲ್ಲಿ ಉತ್ತರ ಸಮುದ್ರದ ತೈಲ ವೇದಿಕೆಗಳಿಗೆ ಒಂದು ಅಳತೆ ಬಂತು. ವೇದಿಕೆಗೆ ಸಾಮಾನು ತರೋ 5,000 ಟನ್ ಹಡಗು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಪಕ್ಕದಿಂದ ತಾಗಿದರೆ ವೇದಿಕೆ ತಡೆಯಬೇಕು. ಹಾಕಿ ನೋಡಿ: 0.5 × 5,000 × 1.4 × 4. ಬಂದದ್ದು 14 ಮೆಗಾಜೂಲ್. ಈ 14 ಅನ್ನೋದು ಆ ಕಾಲದ ಎಂಜಿನಿಯರುಗಳಿಗೆ ಬಾಯಿಪಾಠ.

14 ಮೆಗಾಜೂಲ್ ಎಷ್ಟು? 1,200 ಕೆಜಿಯ ಕಾರು ಗಂಟೆಗೆ 60 ಕಿಮೀ ವೇಗದಲ್ಲಿ ಗೋಡೆಗೆ ಗುದ್ದೋದು ಸುಮಾರು 0.17 ಮೆಗಾಜೂಲ್. ಅಂದ್ರೆ ಎಂಬತ್ತಕ್ಕೂ ಹೆಚ್ಚು ಕಾರು ಒಂದೇ ಕ್ಷಣಕ್ಕೆ ಒಂದೇ ಜಾಗಕ್ಕೆ ಗುದ್ದಿದ ಹಾಗೆ. ಅದೂ ಹಡಗು ಬರ್ತಿರೋದು ಗಂಟೆಗೆ 7 ಕಿಮೀ ಚಿಲ್ಲರೆ ವೇಗದಲ್ಲಿ! ನೀವು ಬಸ್ ತಪ್ಪಿಹೋಗುತ್ತೆ ಅಂತ ಬಿರುಸಾಗಿ ನಡೆಯೋ ವೇಗ.

ಈಗ 40,000 ಟನ್ ಹಡಗು ತಗೊಳ್ಳಿ. ಅದೇ ವೇಗದಲ್ಲಿ ಪಕ್ಕಕ್ಕೆ ತೇಲಿ ಬಂದರೆ 112 ಮೆಗಾಜೂಲ್, ಎಂಟು ಪಟ್ಟು. ಆದರೆ ಅದರ ವೇಗವನ್ನು ಹೇಗೋ ಅರ್ಧಕ್ಕೆ ಇಳಿಸಿದರೆ? 56 ಅಲ್ಲ, 28. ವೇಗಕ್ಕೆ ವರ್ಗ ಇದೆಯಲ್ಲ.

ಇನ್ನೊಂದು ಹಾಕಿ. 3,000 ಟನ್‌ನ ಪುಟ್ಟ ಹಡಗು, ಎಂಜಿನ್ ಚೆನ್ನಾಗೇ ಓಡ್ತಿದೆ, ಸೆಕೆಂಡಿಗೆ 5 ಮೀಟರ್, ಮೂತಿಯಿಂದ ಗುದ್ದುತ್ತೆ. 41 ಮೆಗಾಜೂಲ್. ನಿಧಾನ ತೇಲೋ ದೊಡ್ಡ ಹಡಗಿಗಿಂತ ಗಮನ ಇಲ್ಲದೆ ಓಡೋ ಪುಟ್ಟ ಹಡಗೇ ಜೋರಾಗಿ ಹೊಡೆಯಬಹುದು. ಅಪಾಯ ಬರೀ ಗಾತ್ರದಲ್ಲಿಲ್ಲ.


ಭಾಗ 6/10
ಪಲ್ಲಾಸ್ ಮತ್ತು ಜರ್ಮನಿಯ ತಲೆಕೆಳಗು ಪ್ರಶ್ನೆ

ತೈಲ ವೇದಿಕೆ ಬಿದ್ದರೆ ಬೆಂಕಿ, ಎಣ್ಣೆ, ಮೇಲಿರೋ ನೂರಾರು ಜನ. ಹಾಗಾಗಿ ಅಲ್ಲಿ ವೇದಿಕೆ ಗಟ್ಟಿಯಾಗಿ ನಿಲ್ಲಬೇಕು, ಹಡಗು ಪೆಟ್ಟು ತಿಂದರೂ ಪರವಾಗಿಲ್ಲ. ಗಾಳಿಕಂಬಕ್ಕೂ ಇದೇ ನಿಯಮ ಸರಿ ತಾನೇ? ಇನ್ನಷ್ಟು ದಪ್ಪ ಉಕ್ಕು ಹಾಕಿ ನಿಲ್ಲಿಸಿದರೆ ಆಯ್ತು ಅಲ್ವಾ?

ಇಲ್ಲಿ ಜರ್ಮನಿಯ ಒಂದು ಗಾಯ ನೆನಪಿಸಿಕೊಳ್ಳಬೇಕು. 1998ರ ಅಕ್ಟೋಬರ್‌ನಲ್ಲಿ ಮರ ತುಂಬಿದ್ದ ಪಲ್ಲಾಸ್ ಹಡಗಿಗೆ ಬೆಂಕಿ ಬಿತ್ತು. ಸಿಬ್ಬಂದಿಯನ್ನು ಇಳಿಸಿದ ಮೇಲೆ ಉರಿಯುತ್ತಲೇ ತೇಲಿತು. ಎಳೆಯಲು ಕಟ್ಟಿದ ಹಗ್ಗಗಳು ಹರಿದವು. ಕೊನೆಗೆ ಅಮ್ರುಮ್ ದ್ವೀಪದ ಹತ್ತಿರ ಮರಳಿಗೆ ಸಿಕ್ಕಿಕೊಂಡಿತು. ಸೋರಿದ ಎಣ್ಣೆಗೆ ಸಾವಿರಾರು ಕಡಲ ಬಾತುಗಳು ಸತ್ತವು. ಯಾರು ಹೊಣೆ, ಯಾರು ಆಜ್ಞೆ ಕೊಡಬೇಕು ಅನ್ನೋ ಗೊಂದಲದಲ್ಲೇ ದಿನಗಳು ಕಳೆದಿದ್ದವು. ಅದರ ಪಾಠವಾಗಿ 2003ರಲ್ಲಿ ಕುಕ್ಸ್‌ಹಾಫೆನ್‌ನಲ್ಲಿ ಕಡಲ ಅವಘಡಗಳಿಗೆ ಒಂದೇ ಕೇಂದ್ರ ಕಚೇರಿ ಶುರುವಾಯಿತು.

ಅದೇ ಹೊತ್ತಿಗೆ ಅದೇ ಕಡಲಲ್ಲಿ ಗಾಳಿಕಂಬ ನೆಡಲು ಅರ್ಜಿಗಳು ಬರ್ತಿದ್ದವು. ಪರವಾನಗಿ ಕೊಡೋ ಜರ್ಮನ್ ಕಡಲ ಇಲಾಖೆ ಪ್ರಶ್ನೆಯನ್ನೇ ತಲೆಕೆಳಗು ಮಾಡಿತು. ಕಂಬ ಉಳಿಯುತ್ತಾ ಅಂತ ಅಲ್ಲ, ಹಡಗು ಉಳಿಯುತ್ತಾ ಅಂತ ಕೇಳಿತು. ಗಾಳಿಕಂಬದ ಮೇಲೆ ಸಾಮಾನ್ಯವಾಗಿ ಯಾರೂ ಇರಲ್ಲ. ಹಡಗಿನಲ್ಲಿ ಜನ ಇದ್ದಾರೆ, ಟ್ಯಾಂಕಿನಲ್ಲಿ ಎಣ್ಣೆ ಇದೆ. ಹಾಗಾಗಿ ಬಗ್ಗಬೇಕಾದ್ದು ಕಂಬ. ಹಡಗಿನ ಹೊಟ್ಟೆ ಸೀಳದ ಹಾಗೆ ಕಂಬದ ಬುಡ ಇರಬೇಕು. ಜರ್ಮನ್ನರು ಇದಕ್ಕೆ ಡಿಕ್ಕಿಸ್ನೇಹಿ ಅನ್ನೋ ಅರ್ಥದ ಪದವನ್ನೇ ಬಳಸ್ತಾರೆ.

ಎಷ್ಟು ಗಟ್ಟಿ ಅಂತ ಕೇಳೋದು ಸುಲಭ. ಯಾರಿಗಾಗಿ ಗಟ್ಟಿ ಅಂತ ಕೇಳೋಕೆ ಒಂದು ದುರಂತ ಬೇಕಾಯ್ತು.


ಭಾಗ 7/10
ನೀರಿನಡಿಯ ಕಾಲುಗಳು

ಕಂಬದ ಬುಡದಲ್ಲಿ ಮುಖ್ಯವಾಗಿ ಮೂರು ನಮೂನೆ ಹೇಳ್ತೀನಿ. ಚಿತ್ರದಲ್ಲಿ ಎಡದಿಂದ ಬಲಕ್ಕೆ ನೋಡಿ.

ಮೊನೊಪೈಲ್: ಒಂದೇ ದಪ್ಪ ಉಕ್ಕಿನ ಕೊಳವೆ, ನೆಲಕ್ಕೆ ಹೊಡೆದು ಇಳಿಸಿದ್ದು.
ಜಾಕೆಟ್: ನಮ್ಮೂರ ಹೈಟೆನ್ಷನ್ ಟವರ್ ತರಹ ತೆಳು ಕೊಳವೆಗಳ ಜಾಲ.
ಟ್ರೈಪಾಡ್: ನಡುವೆ ದಪ್ಪ ಕಂಬ, ನೀರಿನಡಿ ಓರೆಯಾಗಿ ಚಾಚಿದ ಮೂರು ಕಾಲು.

ಜರ್ಮನಿಯ ಮೊದಲ ಆಳಕಡಲ ಸ್ಥಾವರ ಆಲ್ಫಾ ವೆಂಟಸ್. 2010ರಲ್ಲಿ ಉದ್ಘಾಟನೆ. 12 ಟರ್ಬೈನ್‌ಗಳಲ್ಲಿ 6 ಟ್ರೈಪಾಡ್ ಮೇಲೆ, 6 ಜಾಕೆಟ್ ಮೇಲೆ. ಅಷ್ಟರೊಳಗೆ ಹ್ಯಾಂಬರ್ಗ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಹಡಗುಗಳನ್ನು ಬೇರೆ ಬೇರೆ ಬುಡಗಳಿಗೆ ಕಂಪ್ಯೂಟರಿನೊಳಗೆ ಗುದ್ದಿಸಿ ನೋಡಿದ್ದರು. ಮೊನೊಪೈಲ್ ಮತ್ತು ಜಾಕೆಟ್ ಹಡಗಿಗೆ ಹೋಲಿಕೆಯಲ್ಲಿ ಮೃದು. ಟ್ರೈಪಾಡ್‌ನ ವಿಷಯದಲ್ಲಿ ಚಿಂತೆ, ಯಾಕಂದ್ರೆ ಆ ಓರೆ ಕಾಲು ನೀರಿನ ಮಟ್ಟದ ಕೆಳಗೆ ಹಡಗಿನ ಹೊಟ್ಟೆಗೆ ಚುಚ್ಚಬಹುದು. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ ಅನ್ಸುತ್ತೆ, ಒಳಗೆ ನೀರು.

ಗುದ್ದಿದಾಗ ಶಕ್ತಿಯ ಜಮಾಖರ್ಚು ಹೀಗೆ: ಹಡಗಿನ ಮೈ ತಗ್ಗಾಗುತ್ತೆ. ಗುದ್ದಿದ ಜಾಗದಲ್ಲಿ ಕೊಳವೆ ತಗಡಿನ ಡಬ್ಬಿಯಂತೆ ಒಳಗೆ ಹೋಗುತ್ತೆ. ಇಡೀ ಕಂಬ ಬಾಗುತ್ತೆ, ಜಾಸ್ತಿಯಾದರೆ ಕಡಲ ನೆಲದ ಹತ್ತಿರ ಮೊಣಕಾಲು ಮಡಚಿದ ಹಾಗೆ ಮಡಚುತ್ತೆ. ಸುತ್ತಲಿನ ಮಣ್ಣೂ ಒಂದಿಷ್ಟು ಸರಿದು ಶಕ್ತಿ ನುಂಗುತ್ತೆ.

ಆದರೆ ಬಾಗೋ ಕಂಬಕ್ಕೆ ತಲೆ ಭಾರ. ನೂರು ಮೀಟರ್ ಮೇಲೆ ಜನರೇಟರ್ ಇರೋ ನೂರಾರು ಟನ್‌ನ ಕೋಣೆ. ಬುಡಕ್ಕೆ ಏಟು ಬಿದ್ದಾಗ ಬುಡ ಮುಂದೆ ಹೋಗುತ್ತೆ, ತಲೆ ಹಿಂದೆ ಉಳಿಯುತ್ತೆ. ಹಿಂದೆ ಅಂದ್ರೆ ಹಡಗಿನ ಕಡೆ! ಹೋಬಾರ್ಟ್ ಸೇತುವೆಯಲ್ಲಿ ಸತ್ತ ಆ 7 ಹಡಗಿನವರು ನೆನಪಿದ್ದಾರಾ? ಕಂಬ ಬಗ್ಗಬೇಕು ನಿಜ. ಯಾವ ಕಡೆ ಬೀಳುತ್ತೆ ಅನ್ನೋದೂ ಲೆಕ್ಕದಲ್ಲಿ ಇರಬೇಕು.


ಭಾಗ 8/10
ನಮ್ಮ ಕಡಲಿನ ಪಾಠ: ಮುಂಬೈ ಹೈ, 2005

ಇಷ್ಟು ಹೊತ್ತು ಯುರೋಪ್, ಅಮೆರಿಕ ಅಂತ ಸುತ್ತಿದ್ವಿ. ಈಗ ಅರಬ್ಬಿ ಸಮುದ್ರಕ್ಕೆ ಬನ್ನಿ. ಇದು ಗಾಳಿಕಂಬದ ಕಥೆ ಅಲ್ಲ, ತೈಲ ವೇದಿಕೆಯದು. ಆದರೆ ಹಡಗು ಗುದ್ದಿದರೆ ಏನಾಗುತ್ತೆ ಅನ್ನೋದನ್ನು ಭಾರತ ಅತ್ಯಂತ ಕಠಿಣವಾಗಿ ಕಲಿತದ್ದು ಇಲ್ಲಿ.

2005ರ ಜುಲೈ 26ರಂದು ಮುಂಬೈ ಮಳೆಯಲ್ಲಿ ಮುಳುಗಿದ್ದನ್ನು ಮನೆಯ ದೊಡ್ಡವರಿಂದ ಕೇಳಿರ್ತೀರಿ. ಅದರ ಮರುದಿನ, ಜುಲೈ 27. ಮುಂಬೈನಿಂದ ಸುಮಾರು 160 ಕಿಮೀ ದೂರದ ಮುಂಬೈ ಹೈ ತೈಲಕ್ಷೇತ್ರ. ಸಮುದ್ರ ಸುರಕ್ಷಾ ಅನ್ನೋ ನೆರವು ಹಡಗಿನಲ್ಲಿ ಅಡುಗೆಯವನೊಬ್ಬನ ಬೆರಳಿಗೆ ಗಾಯವಾಗಿತ್ತು. ಅವನನ್ನು ಚಿಕಿತ್ಸೆಗೆ ವೇದಿಕೆಗೆ ದಾಟಿಸಬೇಕಿತ್ತು. ಹವಾಮಾನ ಕೆಟ್ಟಿತ್ತು, ಹಡಗು ವೇದಿಕೆಯ ಹತ್ತಿರ ಬಂತು. ಅಲೆಗೆ ಮೇಲೆದ್ದು ಸರಿದಾಗ ಅದರ ಹೆಲಿಡೆಕ್ ವೇದಿಕೆಯ ರೈಸರ್‌ಗೆ ತಾಗಿತು. ರೈಸರ್ ಅಂದ್ರೆ ಕಡಲ ತಳದಿಂದ ಎಣ್ಣೆ, ಅನಿಲ ಮೇಲೆ ತರೋ ಕೊಳವೆ.

ಅನಿಲ ಸೋರಿತು, ಬೆಂಕಿ ಹತ್ತಿತು, ಸುಮಾರು ಎರಡು ಗಂಟೆಯಲ್ಲಿ ಇಡೀ ವೇದಿಕೆ ಕುಸಿಯಿತು. 22 ಮಂದಿಯ ಜೀವ ಹೋಯಿತು. ಆ ಹವಾಮಾನದಲ್ಲೂ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಉಳಿಸಿದರು. ಹಡಗೂ ಬೆಂಕಿಗೆ ಸಿಕ್ಕಿ ಕೆಲವು ದಿನಗಳಲ್ಲಿ ಮುಳುಗಿತು.

ಗಮನಿಸಿ. ವೇದಿಕೆಯ ಕಾಲು ಮುರಿಯಲಿಲ್ಲ. ಬಂದದ್ದು ದಾರಿ ತಪ್ಪಿದ ಯಾವುದೋ ದೊಡ್ಡ ಹಡಗೂ ಅಲ್ಲ. ಅಲ್ಲೇ ದಿನಾ ಓಡಾಡೋ ನೆರವು ಹಡಗು, ಒಬ್ಬ ಗಾಯಾಳುವಿಗೆ ಸಹಾಯ ಮಾಡೋಕೆ ಬಂದದ್ದು. ತಾಗಿದ್ದು ಹೊರಗೆ ಹಾದುಹೋದ ಒಂದು ಕೊಳವೆಗೆ. 14 ಮೆಗಾಜೂಲ್ ಲೆಕ್ಕ ಕಾಲಿಗೆ ಉತ್ತರ ಕೊಡುತ್ತೆ. ಕೊಳವೆ ಎಲ್ಲಿ ಹಾದುಹೋಗಬೇಕು, ಕೆಟ್ಟ ಹವೆಯಲ್ಲಿ ಯಾವ ಬದಿಗೆ ಹಡಗು ಬರಬೇಕು ಅನ್ನೋದಕ್ಕೆ ಅದು ಉತ್ತರ ಕೊಡಲ್ಲ.

ರಚನೆಯ ಅಪಾಯ ಅಳೆಯೋದು ಅಂದ್ರೆ ಅತಿ ಗಟ್ಟಿ ಭಾಗದ ಬಲ ಅಳೆಯೋದಲ್ಲ. ಅತಿ ಮೆತ್ತನೆ ಭಾಗ ಎಲ್ಲಿದೆ, ಅದು ಹೋದರೆ ಯಾರು ಸಾಯ್ತಾರೆ ಅಂತ ಹುಡುಕೋದು.


ಭಾಗ 9/10
ಲೆಕ್ಕ ಸರಿಯಾಗಿತ್ತು, ಜಾಗ ಸಾಲಲಿಲ್ಲ

ಗಾಳಿ ಸ್ಥಾವರಗಳಲ್ಲೂ ಮೊದಮೊದಲು ಗುದ್ದಿದ್ದು ಮನೆಯವರೇ. 2012ರ ನವೆಂಬರ್ 21ರಂದು ಬ್ರಿಟನ್ನಿನ ಶೆರಿಂಗ್‌ಹ್ಯಾಮ್ ಶೋಲ್ ಸ್ಥಾವರದಲ್ಲಿ ಐಲ್ಯಾಂಡ್ ಪ್ಯಾಂಥರ್ ಅನ್ನೋ ಕೆಲಸಗಾರರ ಬೋಟು ದೀಪವಿಲ್ಲದ ಕಂಬದ ಬುಡಕ್ಕೆ ಕತ್ತಲಲ್ಲಿ ಗುದ್ದಿ ಒಳಗಿದ್ದವರಿಗೆ ಪೆಟ್ಟಾಯಿತು. ಕಂಬಕ್ಕೆ ಇದು ಸೊಳ್ಳೆ ಕಡಿತ. ಬೋಟಿನಲ್ಲಿದ್ದವರಿಗೆ ಹಾಗಲ್ಲ.

2023ರ ಏಪ್ರಿಲ್ 24. ಜರ್ಮನಿಯ ಗೋಡೆ ವಿಂಡ್ 1 ಸ್ಥಾವರ. (ನಮ್ಮ ಗೋಡೆ ಅಲ್ಲ, ಹೆಸರೇ ಹಾಗೆ!) ಧಾನ್ಯ ತುಂಬಿದ್ದ ಪೆಟ್ರಾ ಎಲ್ ಅನ್ನೋ ಸುಮಾರು 74 ಮೀಟರ್ ಉದ್ದದ ಹಡಗು ಒಂದು ಟರ್ಬೈನಿಗೆ ಗುದ್ದಿತು. ಮೂತಿಯ ಬಲಬದಿಯಲ್ಲಿ ದೊಡ್ಡ ತೂತು. ತೂತು ಹೊತ್ತೇ ಹಡಗು ಎಮ್ಡನ್ ಬಂದರು ಸೇರಿತು. ಕಂಬ ನಿಂತೇ ಇತ್ತು. ಐದನೇ ಭಾಗದ ಪುಟ್ಟ ಹಡಗಿನ ಲೆಕ್ಕ ಸುಮ್ಮನೆ ಹಾಕಿದ್ದಲ್ಲ.

ಈಗ ಮೊದಲ ಭಾಗದ ಜುಲಿಯೆಟಾ ಡಿ ಕಡೆ ಬನ್ನಿ. ಅಲ್ಲಿ ಸ್ಥಾವರ ಪೂರ್ತಿಯಾಗಿದ್ದರೆ ಗುದ್ದಿದ ಬುಡದ ಮೇಲೆ 200 ಮೀಟರ್ ವ್ಯಾಸದ ಚಕ್ರ ಇರುವ ಟರ್ಬೈನ್ ನಿಂತಿರುತ್ತಿತ್ತು. ಹಡಗಿನಲ್ಲಿ 18 ಮಂದಿ ಇನ್ನೂ ಇದ್ದಿದ್ದರೆ ಅನ್ನೋದನ್ನೂ ಸೇರಿಸಿ ಯೋಚಿಸಿ.

ನೆದರ್ಲೆಂಡ್ಸ್‌ನ ಸುರಕ್ಷತಾ ಮಂಡಳಿ ಇದನ್ನು ತನಿಖೆ ಮಾಡಿ 2024ರಲ್ಲಿ ವರದಿ ಕೊಟ್ಟಿತು. ಅದು ಒಂದು ಹಡಗಿನ ಲಂಗರಿನ ಮೇಲೆ ತಪ್ಪು ಹೊರಿಸಿ ಮುಗಿಸಲಿಲ್ಲ. ಕಡಲು ತುಂಬುತ್ತಿದೆ, ಹಡಗಿಗೆ ತಿರುಗಲು, ನಿಲ್ಲಲು, ತೊಂದರೆಯಾದಾಗ ತೇಲಲು ಬೇಕಾದ ಜಾಗ ಕಡಿಮೆಯಾಗುತ್ತಿದೆ ಅನ್ನೋದೇ ಅದರ ಮುಖ್ಯ ಮಾತು. ತುರ್ತು ಟಗ್ ಬೋಟುಗಳನ್ನು ಗಾಳಿ ಸ್ಥಾವರಗಳ ಹತ್ತಿರ ಸದಾ ನಿಲ್ಲಿಸೋ ಕ್ರಮವನ್ನೂ ಆ ದೇಶ ಶುರುಮಾಡಿದೆ.

ಯಾಕೆ ಟಗ್? ಕೆಟ್ಟ ಹಡಗು ಗಂಟೆಗೆ 5 ಕಿಮೀ ತೇಲುತ್ತಿದೆ, ಹತ್ತಿರದ ಕಂಬ 10 ಕಿಮೀ ದೂರ ಇದೆ ಅಂದುಕೊಳ್ಳಿ. ಎರಡು ಗಂಟೆ ಸಿಕ್ಕಿತು. ಎಂಜಿನ್ ರಿಪೇರಿ ಆಗಬಹುದು, ಲಂಗರು ಕಚ್ಚಬಹುದು, ಟಗ್ ಬರಬಹುದು. ಕಂಬ 1 ಕಿಮೀ ದೂರ ಇದ್ದರೆ ಸಿಗೋದು 12 ನಿಮಿಷ. ಹನ್ನೆರಡು ನಿಮಿಷದಲ್ಲಿ ಮ್ಯಾಗಿ ಆಗುತ್ತೆ, ಬಿರುಗಾಳಿಯಲ್ಲಿ ಹಗ್ಗ ಕಟ್ಟೋಕಾಗಲ್ಲ.


ಭಾಗ 10/10
ನಮ್ಮ ಸರದಿ

ಭಾರತ 2015ರಲ್ಲಿ ಕಡಲ ಗಾಳಿ ವಿದ್ಯುತ್ ನೀತಿ ತಂದಿತು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿ ಯೋಜನೆಗೆ ಒಪ್ಪಿತು. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್. ಬೇಕಾದ ಕೆಲಸವೇ. ಕಲ್ಲಿದ್ದಲಿಗಿಂತ ಗಾಳಿ ಒಳ್ಳೇದು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಈ ಸರಣಿ ಗಾಳಿಕಂಬದ ವಿರುದ್ಧ ಅಂತ ಯಾರೂ ಸ್ಕ್ರೀನ್‌ಶಾಟ್ ಹಾಕಬೇಡಿ.

ಆದರೆ ನಕ್ಷೆ ತೆಗೆದು ನೋಡಿ. ಗುಜರಾತಿನಲ್ಲಿ ಗುರುತಿಸಿದ ಜಾಗ ಪಿಪಾವಾವ್ ಬಂದರಿನ ಎದುರು, ಖಂಭಾತ್ ಕೊಲ್ಲಿಯ ಬಾಯಲ್ಲಿ. ಆ ಕೊಲ್ಲಿಯ ಉಬ್ಬರವಿಳಿತ ದೇಶದಲ್ಲೇ ಅತಿ ಜೋರಿನವುಗಳಲ್ಲಿ ಒಂದು. ಎಂಜಿನ್ ನಿಂತ ಹಡಗನ್ನು ಅಲ್ಲಿ ಗಾಳಿ ಮಾತ್ರ ಅಲ್ಲ, ನೀರೂ ಎಳೆಯುತ್ತೆ. ವೇಗಕ್ಕೆ ವರ್ಗ ಇದೆ ಅನ್ನೋದು ಮರೆಯಬೇಡಿ. ತಮಿಳುನಾಡಿನ ಕಡೆ ಮನ್ನಾರ್ ಕೊಲ್ಲಿ, ಅಲ್ಲಿ ದೊಡ್ಡ ಹಡಗಿಗಿಂತ ಮೀನುಗಾರರ ದೋಣಿಗಳದೇ ಸಂತೆ. ಅವರ ಜೀವಕ್ಕೆ ಬೇರೆಯದೇ ಲೆಕ್ಕ ಬೇಕು. ದೋಣಿಗೆ ಯಾವ ಕಂಬವೂ ಡಿಕ್ಕಿಸ್ನೇಹಿ ಅಲ್ಲ. ಅಲ್ಲಿ ದೀಪ, ದಾರಿ, ಮೀನುಗಾರರ ಜೊತೆ ಮೊದಲೇ ಮಾತು, ಇವೇ ರಕ್ಷಣೆ.

ಯುರೋಪ್ ಒಂದೊಂದೇ ಪ್ರಶ್ನೆಯನ್ನು ಒಂದೊಂದು ಅಪಘಾತದ ಮೇಲೆ ಕಲಿತುಕೊಂಡು ಬಂತು. ಗುದ್ದುತ್ತಾ? ಗುದ್ದಿದರೆ ಕಂಬ ನಿಲ್ಲುತ್ತಾ? ಕಂಬ ನಿಂತರೆ ಹಡಗು ಉಳಿಯುತ್ತಾ? ಗುದ್ದೋ ಮೊದಲೇ ಹಿಡಿಯೋಕೆ ಸಮಯ, ಜಾಗ ಇದೆಯಾ? ನಮಗೆ ನಾಲ್ಕೂ ಪ್ರಶ್ನೆ ಬರೆದಿಟ್ಟ ಹಾಗೆ ಸಿಕ್ಕಿವೆ. ನಾಲ್ಕನೆಯದನ್ನು ಮೊದಲು ಕೇಳೋ ಅವಕಾಶ ಇದೆ, ಯಾಕಂದ್ರೆ ಅದಕ್ಕೆ ಉತ್ತರ ಉಕ್ಕಿನಲ್ಲಿಲ್ಲ, ನಕ್ಷೆಯಲ್ಲಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ. ನಕ್ಷೆಯಲ್ಲಿ ಸರಿಸದ ಕಂಬವನ್ನು ಕಡಲಲ್ಲಿ ಸರಿಸೋಕಾಗಲ್ಲ.

ನಮ್ಮಲ್ಲಿ ಕೆಲವರು ಸಿವಿಲ್ ಓದ್ತಿದ್ದೀರಿ, ಕೆಲವರು ಮರ್ಚೆಂಟ್ ನೇವಿ ಪರೀಕ್ಷೆಗೆ ತಯಾರಾಗ್ತಿದ್ದೀರಿ. ಇನ್ನು ಹತ್ತು ವರ್ಷಕ್ಕೆ ನಿಮ್ಮಲ್ಲಿ ಒಬ್ಬರು ಆ ಕಂಬದ ಬುಡ ಬರೆಯುತ್ತಿರಬಹುದು, ಇನ್ನೊಬ್ಬರು ರಾತ್ರಿ ಪಾಳಿಯಲ್ಲಿ ಅದರ ಪಕ್ಕ ಹಡಗು ನಡೆಸುತ್ತಿರಬಹುದು. ಬುಡ ಬರೆಯೋರು ಹಡಗಿನಲ್ಲಿರೋರ ಮುಖ ನೆನಪಿಟ್ಟುಕೊಂಡು ಬರೀರಿ.

ಸರಣಿ ಮುಗೀತು. ಲೆಕ್ಕದಲ್ಲಿ ತಪ್ಪಿದ್ದರೆ ಕಮೆಂಟ್‌ನಲ್ಲಿ ತಿದ್ದಿ, ಐದನೇ ಭಾಗವನ್ನು ನೀವೇ ಒಮ್ಮೆ ಹಾಕಿ ನೋಡಿ. ಸೇವ್ ಮಾಡ್ಕೊಳ್ಳಿ, ಮರ್ಚೆಂಟ್ ನೇವಿ ಕನಸಿರೋ ಗೆಳೆಯರಿಗೆ ಕಳಿಸಿ.

#ಕಡಲಲೆಕ್ಕ #ಇತಿಹಾಸ #ಗಾಳಿವಿದ್ಯುತ್ #ಕನ್ನಡದಲ್ಲಿವಿಜ್ಞಾನ